ಬ್ಯಾಟರಿ ಡ್ರಿಲ್ಲು ಮತ್ತು ಕಾಯಿಚಟ್ನಿ

ಗಂಡಸಾಗಿ ಹುಟ್ಟಿದ ಮೇಲೆ ಗೋಡೆಯಲ್ಲಿ ಒಂದು ತೂತನ್ನಾದರೂ ಸ್ವಂತ ಕೈಯಿಂದ ಕೊರೆಯಬೇಕು! ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ರಚನಾ ಸೊಪ್ಪು ಬಿಡಿಸುತ್ತಿದ್ದಳು.

"ಕೊರೀರಿ. ಆಮೇಲೆ ಮನೆ ಸಾಮಾನೆಲ್ಲ ಮೂಟೆ ಕಟ್ಟೋಳು ನಾನು ತಾನೇ" ಎಂದಳು, ತಲೆ ಎತ್ತದೆ.

ಅವಳ ಮಾತಿನಲ್ಲಿ ಹುರುಳಿತ್ತು. ಚೆನ್ನೈ ಪಕ್ಕದ ಪಲ್ಲಾವರಂನ ನಮ್ಮ ಬಾಡಿಗೆ ಮನೆಯ ಓನರ್ ತಿರುಮಲ ಸಾರ್ ಕೆಳಗಿನ ಮನೆಯಲ್ಲೇ ಇದ್ದರು. ಗೋಡೆಗೆ ಆಣಿ ಹೊಡೆದ ದಿನವೇ ಮನೆ ಖಾಲಿ, ಇದು ಅವರ ಶಾಸನ. ನಮಗಿಂತ ಮೊದಲಿದ್ದವರು ಕ್ಯಾಲೆಂಡರ್ ತೂಗುಹಾಕಿ, ಜನವರಿಯ ಹಾಳೆ ಹರಿಯುವ ಮೊದಲೇ ಬೀದಿಗೆ ಬಿದ್ದಿದ್ದರು. ತಿರುಮಲ ಸಾರ್ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ನನಗೆ ಬೆವರು ಕಿತ್ತುಕೊಳ್ಳುತ್ತಿತ್ತು.

ಆದರೆ ಗೌರಿ ಹಬ್ಬಕ್ಕೆ ಮಂಡ್ಯದಿಂದ ನನ್ನ ಅತ್ತೆ ಬೋರಮ್ಮನವರು ಬರುವವರಿದ್ದರು. ನಮ್ಮ ದೇವರುಗಳೋ ಫ್ರಿಜ್ಜಿನ ತಲೆಯ ಮೇಲೆ ಕುಳಿತಿದ್ದವು. ಗೋಡೆಗೊಂದು ಹಲಗೆ ಹೊಡೆಯಲೇಬೇಕಿತ್ತು. ಅತ್ತ ದರಿ, ಇತ್ತ ಪುಲಿ.

ನಾನು ಚಾಣಕ್ಯನ ತಲೆ ಓಡಿಸಿದೆ. ನಮ್ಮ ಬೀದಿಯಲ್ಲಿ ದಿನವೂ ಮಧ್ಯಾಹ್ನ ಕರೆಂಟ್ ತೆಗೆಯುತ್ತಿದ್ದರು. ಫ್ಯಾನು ನಿಂತ ಕೂಡಲೇ ತಿರುಮಲ ಸಾರ್ ಬೀಸಣಿಗೆ ಹಿಡಿದು, ಗೇಟಿನ ಆಚೆಯ ಬೇವಿನ ಮರದಡಿ ಹೋಗಿ ಕೂರುತ್ತಿದ್ದರು. ಕೊರೆಯಲು ಅದೇ ಸುಮುಹೂರ್ತ!

ಶುಕ್ರವಾರದ ಸಂತೆಗೆ ಹೋದೆ. ಹಳೆಯ ಯಂತ್ರಗಳನ್ನು ಮಾರುವ ಬಾಬು, ಕಪ್ಪು ವೈರಿನ ದೊಡ್ಡ ಡ್ರಿಲ್ಲೊಂದನ್ನು ನನ್ನ ಕೈಗಿಟ್ಟ.

"ಇದು ಎಡುಂಗ ಸಾರ್. ಪವರ್ ಜಾಸ್ತಿ."

"ಕರೆಂಟ್ ಇಲ್ಲದಾಗ ಓಡುತ್ತಾ?"

ಅವನು ನನ್ನನ್ನು ಒಮ್ಮೆ ನೋಡಿ, ಬ್ಯಾಟರಿಯದನ್ನು ತೆಗೆದುಕೊಟ್ಟ. ಪಿಸ್ತೂಲಿನಂತೆ ಹಿಡಿದು ನೋಡಿದೆ. ಇನ್ನು ತಿರುಮಲ ಸಾರ್ ಯಾವ ಲೆಕ್ಕ ಅನ್ನಿಸಿತು.

ಮರುದಿನ ಕರೆಂಟ್ ಹೋಯಿತು. ಓನರ್ ಮರದಡಿ ಸೇರಿದರು. ನಾನು ಸ್ಟೂಲ್ ಹತ್ತಿ, ಕುಲದೇವರನ್ನು ನೆನೆದು ಗುಂಡಿ ಒತ್ತಿದೆ.

ಒಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಕರೆಂಟ್ ಹೋದಾಗ ಬೀದಿಯಲ್ಲಿ ಫ್ಯಾನಿಲ್ಲ, ಟೀವಿಯಿಲ್ಲ, ಮೋಟಾರಿಲ್ಲ. ಪಕ್ಕದ ಮನೆಯಲ್ಲಿ ಚಮಚ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನನ್ನ ಡ್ರಿಲ್ಲು ಅರಚಿದ ಅರಚಾಟಕ್ಕೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಗಾಬರಿಯಲ್ಲಿ ಡ್ರಿಲ್ಲನ್ನು ಎಳೆದುಕೊಂಡೆ. ಜೊತೆಗೆ ದೋಸೆಯಗಲದ ಗಾರೆಯೂ ಕಿತ್ತು ನನ್ನ ತಲೆಯ ಮೇಲೆ ಬಿತ್ತು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು.

ಡ್ರಿಲ್ಲನ್ನು ಅಕ್ಕಿ ಡಬ್ಬಕ್ಕೆ ತುರುಕಿದೆ. ರಚನಾ ಸ್ಟೂಲನ್ನು ಪಕ್ಕಕ್ಕೆ ತಳ್ಳಿ, ಒಣಗಿದ ಸೀರೆ ಮಡಚುವವಳಂತೆ ಅದನ್ನು ತೂತಿಗೆ ಅಡ್ಡವಾಗಿ ಎತ್ತಿ ಹಿಡಿದು ನಿಂತುಬಿಟ್ಟಳು. ನಾನು ಬಾಗಿಲು ತೆಗೆದೆ.

"ಎನ್ನ ಸಾರ್ ಸೌಂಡು?"

"ಮಿಕ್ಸಿ ಸಾರ್. ಚಟ್ನಿ" ಎಂದುಬಿಟ್ಟೆ.

ಅವರು ನಿಂತಿದ್ದ ಫ್ಯಾನನ್ನು ನೋಡಿದರು. "ಕರೆಂಟ್ ಇಲ್ಲಾಮ ಮಿಕ್ಸಿಯಾ?"

ನನ್ನ ಕಣ್ಣ ಮುಂದೆ ಒಂದು ಟೆಂಪೋ ಬಂದು ನಿಂತಿತು. ಅದರ ಮೇಲೆ ಫ್ರಿಜ್ಜು, ಫ್ರಿಜ್ಜಿನ ಮೇಲೆ ದೇವರು, ಪಕ್ಕದಲ್ಲಿ ಅತ್ತೆ.

"ಬ್ಯಾಟರಿ ಮಿಕ್ಸಿ ಸಾರ್. ಹೊಸದು."

"ತಲೇಲ ಎನ್ನ, ವೆಳ್ಳೆಯಾ?" ಗಾರೆಯಿಂದ ಬೆಳ್ಳಗಾಗಿದ್ದ ನನ್ನ ತಲೆಗೆ ಬೆರಳು ತೋರಿಸಿದರು.

"ತೇಂಗಾಯ್ ತುರಿ ಸಾರ್."

ಅವರು ಇಳಿದುಹೋದರು. "ನೋಡಿದೆಯಾ ನಿನ್ನ ಗಂಡನ ಸಮಯಸ್ಫೂರ್ತಿ?" ಎಂದು ಎದೆಯುಬ್ಬಿಸಿದೆ. ಉಬ್ಬಿದ ಎದೆ ಇಳಿಯುವ ಮೊದಲೇ ಮತ್ತೆ ಬಾಗಿಲು ಬಡಿದ ಸದ್ದು. ಓನರ್ ಹೆಂಡತಿ ನಿಂತಿದ್ದರು. ಕೈಯಲ್ಲಿ ಸ್ಟೀಲ್ ಬಟ್ಟಲು. ಅದರಲ್ಲಿ ಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ.

"ಕೊಂಜಂ ಅರಚ್ಚು ಕುಡುಂಗ ಸಾರ್. ಉಂಗ ಬ್ಯಾಟರಿ ಮಿಕ್ಸೀಲ." ನಮ್ಮ ಮಿಕ್ಸಿಯಲ್ಲಿ ಸ್ವಲ್ಪ ರುಬ್ಬಿಕೊಡಬೇಕಂತೆ.

ಅವರು ಇಳಿದ ಮೇಲೆ ರಚನಾ ತಣ್ಣಗೆ ಹೇಳಿದಳು: "ಅಮ್ಮ ಕೊಟ್ಟ ಒರಳುಕಲ್ಲು ಅಟ್ಟದ ಮೇಲೈತೆ. ಇಳಿಸ್ರಿ."

ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಕರೆಂಟ್ ಹೋದೊಡನೆ ಕೆಳಗಿನಿಂದ ಬಟ್ಟಲು ಮೇಲೇರುತ್ತದೆ. ನಾನು ಬಚ್ಚಲಮನೆಯ ಕದ ಹಾಕಿಕೊಂಡು ಕಾಯಿ ರುಬ್ಬುತ್ತೇನೆ. ಕೆಳಗೆ ಸದ್ದು ಕೇಳಬೇಕಲ್ಲ, ರಚನಾ ಪಕ್ಕದಲ್ಲಿ ನಿಂತು ಗಾಳಿಯಲ್ಲಿ ಡ್ರಿಲ್ಲು ಓಡಿಸುತ್ತಾಳೆ. ತೂತಿನ ಮೇಲೆ ಕ್ಯಾಲೆಂಡರ್, ಅದೂ ಅನ್ನದ ಅಂಟಿನಿಂದ. ದೇವರು ಫ್ರಿಜ್ಜಿನ ಮೇಲೇ ಇದ್ದಾರೆ. ಹಬ್ಬಕ್ಕೆ ಬಂದ ಅತ್ತೆ ಅದನ್ನು ನೋಡಿ ಬೈಯಬೇಕೆಂದಿದ್ದರೇನೋ; ಅಳಿಯ ಒರಳಿನ ಮುಂದೆ ಕುಳಿತದ್ದನ್ನು ಕಂಡು ಸುಮ್ಮನಾದರು.

ಮೊನ್ನೆ ತಿರುಮಲ ಸಾರ್ ನನ್ನನ್ನು ಮೆಟ್ಟಿಲ ಬಳಿ ತಡೆದರು. ಮುಖ ಗಂಟಿಕ್ಕಿತ್ತು. ತೂತು ಗೊತ್ತಾಗಿಹೋಯಿತು, ಮುಗಿಯಿತು ಕಥೆ ಎಂದುಕೊಂಡೆ.

"ನೇತ್ತು ಚಟ್ನಿ ನೈಸಾ ಇಲ್ಲೈಯೇ ಸಾರ್. ಬ್ಯಾಟರಿ ವೀಕಾ?"

ನಾನು ನೋಯುತ್ತಿದ್ದ ಬಲತೋಳನ್ನು ನೀವಿಕೊಂಡೆ.

"ಆಮಾ ಸಾರ್" ಎಂದೆ. "ಬ್ಯಾಟರಿ ತುಂಬ ವೀಕು."