ಅವ್ವನ ಉಯಿಲು, ನನ್ನ ಕಾಫಿ

ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ನಾನು ಮನೆಗೆ ಆಸೆಪಟ್ಟ ಮಗ. ‘ನನಗೇನೂ ಬೇಡಪ್ಪ, ಹಿರಿಯರ ಆಶೀರ್ವಾದ ಸಾಕು’ ಎನ್ನುವವರನ್ನು ನಾನು ನಂಬುವುದಿಲ್ಲ. ಅಂಥವರು ಖಾತೆಯನ್ನು ಆಗಲೇ ತಮ್ಮ ಹೆಸರಿಗೆ ಮಾಡಿಸಿಕೊಂಡಿರುತ್ತಾರೆ. ನನಗೆ ಆ ಭಾಗ್ಯ ಬಂದಿರಲಿಲ್ಲ. ಕೊಳ್ಳೇಗಾಲದ ನಮ್ಮ ಮನೆ ಅವ್ವನ ಹೆಸರಿನಲ್ಲಿತ್ತು. ರೇಷ್ಮೆ ಸೀರೆ ನೇಯ್ದೂ ನೇಯ್ದೂ ಅವಳೇ ಕಟ್ಟಿಸಿದ್ದು. ಅವಳಿಗೀಗ ಎಂಬತ್ತೆರಡು, ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಎರಡು ವರ್ಷ. ಯಳಂದೂರಿನಲ್ಲಿ ಅಕ್ಕ ಇದ್ದಾಳೆ. ತುಂಬ ಒಳ್ಳೆಯವಳು, ಅದೇ ತೊಂದರೆ. ಅವ್ವನ ಮನಸ್ಸು ಯಾವತ್ತು ಅತ್ತ ವಾಲುತ್ತದೋ ಎಂಬ ಭಯಕ್ಕೆ, ಮನೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಸಿಬಿಡೋಣ ಎಂದುಕೊಂಡೆ. ಅವ್ವನಿಗೆ ಹೇಳುವಾಗ ಮಾತ್ರ, ಮುಂದೆ ನಿನಗೆ ತೊಂದರೆ ಆಗಬಾರದಲ್ಲ ಎಂದೆ.

ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂರುವ ಪತ್ರ ಬರಹಗಾರರ ಬಳಿಗೆ ಆಟೋದಲ್ಲಿ ಹೋದೆವು. ನಮ್ಮ ಬೀದಿಯಲ್ಲಿ ಮದುವೆ ಸೀರೆಗೆ ಮಗ್ಗ ಹೂಡುವಾಗಲೂ ಹಿರಿಯರ ಕೈ ಮುಟ್ಟಿಸುವುದು ರೂಢಿ. ಅದೇ ಲೆಕ್ಕದಲ್ಲಿ ಸಾಕ್ಷಿಗೆಂದು ಇಬ್ಬರು ಹಿರಿಯ ನೇಕಾರರನ್ನು ಜೊತೆಗೆ ಕೂರಿಸಿಕೊಂಡಿದ್ದೆ. ಇಬ್ಬರೂ ಅವ್ವನಿಗಿಂತ ದೊಡ್ಡವರು; ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಕಿವಿ ಮಂದ. ಬರಹಗಾರರು ನನ್ನನ್ನು ಪಕ್ಕಕ್ಕೆ ಕರೆದು, ಸಾಕ್ಷಿ ಎಂದರೆ ನಾಳೆ ತಕರಾರು ಬಂದರೆ ಬಂದು ಹೇಳಬೇಕಾದವರು, ನಾನು ಪತ್ರ ಬರೆದು ಮುಗಿಸುವವರೆಗೆ ಇವರು ಉಳಿದರೆ ಅದೇ ಹೆಚ್ಚು ಎಂದು ಪಿಸುಗುಟ್ಟಿದರು. ಕಿವಿ ಮಂದದ ಅಜ್ಜನಿಗೆ ಜೀವನದಲ್ಲಿ ಅದೊಂದು ಮಾತು ಸ್ಪಷ್ಟವಾಗಿ ಕೇಳಿಸಿತು. ಇಬ್ಬರೂ ಮುನಿಸಿಕೊಂಡು ಬಂದ ಆಟೋದಲ್ಲೇ ವಾಪಸು ಹೋದರು.

ಆಮೇಲೆ ಬರಹಗಾರರು ಅವ್ವನಿಗೆ ಬಿಡಿಸಿ ಹೇಳತೊಡಗಿದರು. ದಾನಪತ್ರ ಮಾಡಿದರೆ ಮನೆ ಇವತ್ತೇ ಮಗನದಾಗುತ್ತದೆ. ಉಯಿಲಾದರೆ ನೀವಿರುವವರೆಗೂ ನಿಮ್ಮದೇ, ಮನಸ್ಸು ಬಂದಾಗ ಬದಲಾಯಿಸಲೂಬಹುದು. ಈ ಎರಡನೆಯ ಮಾತು ಯಾರಿಗೆ ಬೇಕಿತ್ತು? ಸಾಕು ಎನ್ನುವಂತೆ ಮೇಜಿನ ಕೆಳಗೆ ಅವರ ಕಾಲು ತುಳಿದೆ. ತುಳಿದದ್ದು ಅವ್ವನ ಕಾಲನ್ನು.

“ಕಾಲ್ ತಗಿಲಾ,” ಎಂದಳು ಅವ್ವ. ಆಮೇಲೆ ಅವರ ಕಡೆ ತಿರುಗಿದಳು. “ನೋಡಿ ಸಾಮಿ, ಸೀರೆ ಮುಗೀತು ಅಂತ ಮಗ್ಗದಲ್ಲಿರ ಎಳೆನೆಲ್ಲ ಕುಯ್ದಾಕ್ಬುಟ್ರೆ, ಒಸಾ ಎಳೆಯ ಯಾವ್ದುಕ್ಕೆ ಸೇರ್ಸದು? ಮೊಳದುದ್ದ ಬುಟ್ಟೇ ಕುಯ್ಬೇಕು. ಉಯಿಲೇ ಬರೀರಿ.”

ನನ್ನನ್ನು ಹೊರಗೆ ಕಳಿಸಿದರು. ಪಕ್ಕದ ಜೆರಾಕ್ಸ್ ಅಂಗಡಿಯವನೂ ಟೀ ಅಂಗಡಿಯವನೂ ಸಾಕ್ಷಿ ಹಾಕಿದರು. ನಾನು ಬಿಸಿಲಿನಲ್ಲಿ ನಿಂತು ಅವರಿಬ್ಬರ ಮುಖ ಓದಲು ನೋಡಿದೆ, ಏನೂ ತಿಳಿಯಲಿಲ್ಲ.

ಅಂದಿನಿಂದ ಒಂದು ವರ್ಷ ನನ್ನ ಬಾಳು ಅವ್ವನ ಬಾಯಲ್ಲಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಮನೆ ಅಕ್ಕನಿಗೆ. ಟಿವಿಯ ಸದ್ದು ತಗ್ಗಿಸಿದರೆ ಮಾದಪ್ಪನ ಹುಂಡಿಗೆ. “ಉಯಿಲ ತಿದ್ದುಸ್ಬೇಕು ಕಣ್ಲಾ” ಎಂದು ಅವಳು ಆಕಳಿಸುತ್ತಲೇ ಹೇಳಿದರೂ ಸಾಕು, ನಾನು ಎದ್ದು ನಿಲ್ಲುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಹೊಗೆಯಾಡುವ ಕಾಫಿ, ಹತ್ತಕ್ಕೆ ಮಂಡಿಗೆ ಎಣ್ಣೆ. ಮೂವತ್ತು ವರ್ಷದಲ್ಲಿ ನೀವು ನನಗೊಂದು ಲೋಟ ನೀರು ಕೊಟ್ಟವರಲ್ಲ ಎಂದು ಹೆಂಡತಿ ಗೊಣಗಿದಳು. ಮನೆ ನಿನ್ನ ಹೆಸರಿನಲ್ಲಿಲ್ಲವಲ್ಲ ಎಂಬ ಉತ್ತರ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಬೀದಿಯವರು ಮಾತ್ರ ಮಗ ಅಂದರೆ ಇಂಥವನಿರಬೇಕು ಎಂದು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತೆ. ಅದನ್ನು ವಿನಯ ಎಂದುಕೊಂಡರು.

ಹೋದ ವಾರ ಅವ್ವ ಅಕ್ಕನ ಮನೆಗೆ ಹೋಗಿದ್ದಳು. ಪಿಂಚಣಿ ಕೆಲಸಕ್ಕೆ ಅವಳ ಆಧಾರ್ ಬೇಕಾಗಿ ಟ್ರಂಕು ತೆಗೆದೆ. ಆಧಾರ್ ಮೇಲೆಯೇ ಇತ್ತು. ಆದರೂ ಕೆಳಗಿನವರೆಗೆ ಹುಡುಕಿದೆ. ಉಯಿಲು ಸಿಕ್ಕಿತು. ಒಂದೇ ಒಂದು, ವರ್ಷದ ಹಿಂದೆ ಬರೆಸಿದ್ದೇ. ಒಂದಕ್ಷರವನ್ನೂ ತಿದ್ದಿಸಿರಲಿಲ್ಲ. ‘ಸದರಿ ಮನೆಯು ನನ್ನ ನಂತರ ನನ್ನ ಮಗನಿಗೆ ಸೇರತಕ್ಕದ್ದು. ಮಗ್ಗವೂ ಒಡವೆಗಳೂ ಮಗಳಿಗೆ ಸೇರತಕ್ಕದ್ದು. ಅವಳು ಈ ಮನೆಗೆ ಬಂದಾಗ, ಯಾವಾಗ ಹೊರಡುತ್ತೀಯೆ ಎಂದು ಯಾರೂ ಕೇಳತಕ್ಕದ್ದಲ್ಲ. ನಾನು ಬದುಕಿರುವವರೆಗೆ ಈ ವಿಷಯವನ್ನು ಮಗನಿಗೆ ತಿಳಿಸತಕ್ಕದ್ದಲ್ಲ. ತಿಳಿದಲ್ಲಿ ಕಾಫಿಯು ತಣ್ಣಗೆ ಬರುವ ಸಂಭವವಿರುತ್ತದೆ.’

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅಕ್ಕ ಬಂದಾಗಲೆಲ್ಲ ಬಸ್ಸಿನ ಹೊತ್ತು ವಿಚಾರಿಸುವ ನೆಪದಲ್ಲಿ ಆ ಪ್ರಶ್ನೆ ಕೇಳುತ್ತಿದ್ದವನು ನಾನೇ. ಮಡಿಕೆ ಕೆಡದಂತೆ ಪತ್ರವನ್ನು ಇದ್ದ ಕಡೆಯೇ ಇಟ್ಟೆ. ಸಂಜೆ ಅವ್ವ ಬಂದಳು. ಮಾರನೆಯ ಬೆಳಿಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನ ಬರಬಾರದೆಂದು ಕಾಫಿಯನ್ನು ಒಂದಕ್ಕೆ ಎರಡು ಸಲ ಕುದಿಸಿ ತಂದುಕೊಟ್ಟೆ.

ಅವ್ವ ಒಂದು ಗುಟುಕು ಹೀರಿದಳು. ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

“ಬಾಯಿ ಸುಟ್ಟೋಯ್ತು ಕಣ್ಲಾ. ಟ್ರಂಕ ತಗ್ದು ಓದ್ಬುಟ್ಟೆ ಅನ್ನು.”

ಇಲ್ಲವ್ವ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈ ಲೋಟ ಎತ್ತಿಕೊಂಡು ಕಾಫಿಯನ್ನು ಆರಿಸತೊಡಗಿತ್ತು.