ಹನ್ನೆರಡನೆಯ ಅಧ್ಯಾಯ

ಇಪ್ಪತ್ತು ವರ್ಷ ಕಂಡಕಂಡವರ ಪುಸ್ತಕ ಟೈಪ್ ಮಾಡಿದರೂ ಅಚ್ಚುಮನೆಯ ಆಪರೇಟರ್‌ನ ಹೆಸರು ಒಂದು ಪುಸ್ತಕದಲ್ಲೂ ಅಚ್ಚಾಗಿರಲಿಲ್ಲ. ಈ ಸಲ ಆಗುವುದಿತ್ತು. ನಿವೃತ್ತ ಟೀಚರಮ್ಮ ತಮ್ಮ ಆತ್ಮಕತೆಯ ಕೊನೆಯ, ಅಂದರೆ ಹನ್ನೆರಡನೆಯ ಅಧ್ಯಾಯದಲ್ಲಿ ಅವನ ಹೆಸರು ಹಿಡಿದು, ತಾಳ್ಮೆಯನ್ನು ಹೊಗಳಿ ಮೂರು ಸಾಲು ಬರೆದಿದ್ದರು. ಅದನ್ನು ಟೈಪ್ ಮಾಡಿದ ಮೇಲೆ ಪುಣ್ಯಾತ್ಮ ಹತ್ತು ಸಲ ಓದಿಕೊಂಡಿದ್ದ.

ಮೌಸ್ ಹಿಡಿಯುವುದೆಂದರೆ ಅವನಿಗೆ ಅವಮಾನ. ಕಪ್ಪು ಪರದೆಯ ಮೇಲೆ ಒಂದೇ ಸಾಲಿನ ಆಜ್ಞೆ ಕೊಟ್ಟು ಫೈಲುಗಳನ್ನು ಮುದ್ರಣಕ್ಕೆ ಕಳಿಸುತ್ತಿದ್ದ. 'ಅಧ್ಯಾಯ' ಎಂದು ಬರೆದು ಕೊನೆಗೆ ನಕ್ಷತ್ರ ಚಿಹ್ನೆ (*) ಹಾಕಿದರೆ ಆ ಹೆಸರಿನಿಂದ ಶುರುವಾಗುವ ಎಲ್ಲವೂ ಹೋಗುತ್ತವೆ, 'ಅಧ್ಯಾಯ1-ಹಳೆಯದು' ಎಂಬ ಹಳೆಯ ಕರಡು ಕೂಡ. ಹಳೆಯವು ಹೋಗಬಾರದೆಂದು ಆ ಬೆಳಿಗ್ಗೆ ಜಾಣತನ ತೋರಿಸಿ, ನಕ್ಷತ್ರದ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಮುನ್ನೂರು ಪ್ರತಿ ಬೈಂಡಾಗಿ ಕೂತವು. ಪ್ರೂಫ್ ನೋಡುವ ಅಕ್ಕ ಒಂದನ್ನು ತಿರುವಿ ಹಾಕಿದಳು.

"ಏನೋ ಇದು? ಟೀಚರಮ್ಮ ಒಂಬತ್ತನೇ ಅಧ್ಯಾಯಕ್ಕೇ ಸುಸ್ತಾದ್ರಾ?"

ಅವನು ಪರದೆಯ ಹತ್ತಿರ ಓಡಿ ಬೆಳಗಿನ ಆಜ್ಞೆ ನೋಡಿದ. ಪ್ರಶ್ನಾರ್ಥಕ ಚಿಹ್ನೆಯಲ್ಲಿ ಒಂದೇ ಒಂದು ಅಂಕಿಗೆ ಜಾಗ. ಎರಡೆರಡು ಅಂಕಿ ಹೊತ್ತ ಹತ್ತು, ಹನ್ನೊಂದು, ಹನ್ನೆರಡು ಹೊರಗೇ ಉಳಿದಿದ್ದವು.

"ಕರೆಂಟ್ ಹೋಯ್ತು ಅಂದ್ಬಿಡು," ಎಂದಳು ಅಕ್ಕ.

"ಕರೆಂಟ್ ಹೋದ್ರೆ ಲೆಕ್ಕ ಹಾಕಿ ಮೂರೇ ಅಧ್ಯಾಯ ಹೋಗುತ್ತೇನಮ್ಮ?" ಮಾಲೀಕ ಹಣೆ ಚಚ್ಚಿಕೊಂಡ. "ಅವರು ಬರ್ತಿದ್ದಾರೆ. ಮಾಡಿದೋನು ನೀನು, ನೀನೇ ಹೇಳು ಮಹರಾಯ!"

ಒಬ್ಬರ ಬದುಕಿನ ಮೂರು ಅಧ್ಯಾಯ ಹೋಗಿದ್ದರೂ ತನ್ನ ಮನಸ್ಸು ಆ ಮೂರು ಸಾಲಿಗೇ ಅಳುತ್ತಿದೆಯಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಟೀಚರಮ್ಮ ಬಂದು ಕೂತು, ಕೊನೆಯ ಪುಟ ಓದಿ, ಪುಸ್ತಕ ಮುಚ್ಚಿದರು.

"ಇದನ್ನ ಇಲ್ಲಿಗೇ ನಿಲ್ಸಿದ್ದು ಯಾರು?"

"ನಾನೇ ಟೀಚರ್. ತಪ್ಪಾಯ್ತು. ಮತ್ತೆ ಅಚ್ಚು ಹಾಕ್ಕೊಡ್ತೀನಿ."

"ಬೇಡಪ್ಪ! ಹತ್ತು, ಹನ್ನೊಂದರಲ್ಲಿ ನಮ್ಮಕ್ಕನ ಮೇಲಿನ ಸಿಟ್ಟೆಲ್ಲ ಕಾರ್ಕೊಂಡಿದ್ದೆ. ನಿಮ್ಮ ಕೈಗೆ ಕೊಟ್ಟಾಗಿಂದ ನಿದ್ದೆ ಇಲ್ಲ. ನಮ್ಮ ಅಕ್ಕ-ತಂಗಿ ಸಂಬಂಧ ಉಳಿಸ್ದೆ ನೀನು."

ಅವನಿಗೆ ಹೋದ ಜೀವ ಬಂದಂತಾಯಿತು. ತಲೆ ಕೆರೆದುಕೊಂಡ. "ಆದ್ರೆ ಟೀಚರ್, ಹನ್ನೆರಡನೇದು... ಅದೊಂದನ್ನ ಬೇರೆ ಹಾಳೆ ಮಾಡಿ ಅಂಟಿಸ್ಬಹುದು."

"ಸುಮ್ನಿರು, ನನಗೆ ಗೊತ್ತಾಗಲ್ವಾ?" ಟೀಚರಮ್ಮನ ಕಣ್ಣು ತುಂಬಿತು. "ಹೊಗಳಿಕೆ ಬೇಡ ಅಂತ ತನ್ನ ಹೆಸರನ್ನ ತಾನೇ ತೆಗೆದುಹಾಕೋರು ಈ ಕಾಲದಲ್ಲಿ ಎಲ್ಲಿದ್ದಾರೆ? ಅದನ್ನ ಮತ್ತೆ ಅಂಟಿಸಿ ನಿನ್ನ ದೊಡ್ಡತನಕ್ಕೆ ಅವಮಾನ ಮಾಡ್ಲಾ?"

ಮಾಲೀಕ ಓಡಿಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಇವನು ಮೊದಲಿಂದ್ಲೂ ಹೀಗೇ ಟೀಚರ್. ಇನ್ಮೇಲೆ ಯಾವ ಪುಸ್ತಕದಲ್ಲೂ ಇವನ ಹೆಸರು ಬರದ ಹಾಗೆ ನಾನೇ ನೋಡ್ಕೋತೀನಿ."