ಮಾವನವರ ನಗುವಿಗೆ ವಾರ್ನಿಶ್

ಮನೆಯ ಗೇಟಿಗೆ ಸ್ವಂತ ಕೈಯಿಂದ ಬಣ್ಣ ಹಚ್ಚಿದ ಮನುಷ್ಯನಿಗೆ ಒಂದು ಫೋಟೋಗೆ ವಾರ್ನಿಶ್ ಹೊಡೆಯುವುದು ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಆ ಬೆಳಿಗ್ಗೆ ಸ್ಪ್ರೇ ಡಬ್ಬಿ ಹಿಡಿದು ಮಾಳಿಗೆ ಏರಿದೆ.

ಫೋಟೋ ನನ್ನ ಮಾವನವರದು. ಕ್ಯಾಮೆರಾ ಕಂಡರೆ ಮುಖ ಗಂಟಿಕ್ಕುತ್ತಿದ್ದ ಅವರು ಒಮ್ಮೆ ಮಹಾಕೂಟದ ಹೊಂಡದಲ್ಲಿ ಮಿಂದು ಮೇಲೆ ಬರುವಾಗ ಅದೇಕೋ ನಕ್ಕಿದ್ದರು. ನಾನು ಫೋನಿನಲ್ಲಿ ಹಿಡಿದಿದ್ದೆ. ಅವರು ತೀರಿಕೊಂಡ ಮೇಲೆ ಅದನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲೇ ದೊಡ್ಡದಾಗಿ ತೆಗೆದೆ. ಆಮೇಲೆ ಫೋನು ಕೆಟ್ಟು, ಒಳಗಿದ್ದುದೆಲ್ಲ ಹೋಯಿತು. ಉಳಿದ ನಗು ಈ ಹಾಳೆಯ ಮೇಲಿನದೊಂದೇ. ಹೆಂಡತಿ ಶಾರದಾಗೆ ಅದು ಜೀವ. ಆದರೆ ಸ್ನಾನ ಮಾಡಿ ಬಂದ ಹಣೆ ಬರಿದಾಗಿತ್ತು. "ವಿಭೂತಿ ಇಲ್ಲಂದ್ರ ನಮ್ಮಪ್ಪ ಯಾರೋ ಬ್ಯಾರೆದವ್ರಂಗ ಕಾಣ್ತಾರ," ಎಂದು ಆಗಾಗ ಹೇಳುತ್ತಿದ್ದಳು.

ಮರುದಿನ ಅವರ ವರ್ಷದ ಪುಣ್ಯಸ್ಮರಣೆ. ಗಾಜು ಹಾಕಿಸಿಬಿಡಿ ಎಂದಿದ್ದಳು ಶಾರದಾ. ಗಾಜು ಹೊಳೆದು ನಗು ಮಸುಕಾಗುತ್ತದೆ, ವಾರ್ನಿಶಿನ ತೆಳು ಪದರವೇ ಶ್ರೇಷ್ಠ, ಒದ್ದೆ ಬಟ್ಟೆಯಿಂದ ಒರೆಸಿದರೂ ಬಣ್ಣ ಕದಡದು ಎಂದು ನಾನು ಉಪನ್ಯಾಸ ಕೊಟ್ಟಿದ್ದೆ.

"ಹುಷಾರ್ರಿ. ಇರೋದು ಅದೊಂದ," ಎಂದು ಮೆಟ್ಟಿಲ ಬುಡದಿಂದ ಕೂಗಿದಳು.

ಡಬ್ಬಿ ಒತ್ತಿದೆ. ನಮ್ಮೂರು ಇಳಕಲ್ಲಿನ ಗಾಳಿ ಮೊದಲ ಪದರವನ್ನು ನನ್ನ ಮೀಸೆಗೆ ಲೇಪಿಸಿತು! ಹತ್ತಿರ ಹಿಡಿದು ಮತ್ತೆ ಒತ್ತಿದೆ. ಮಾವನವರ ಬಲಗೆನ್ನೆ ಎಣ್ಣೆ ಹಚ್ಚಿದಂತೆ ಹೊಳೆಯಿತು, ಎಡಗೆನ್ನೆ ಮಂಕಾಗಿಯೇ ಉಳಿಯಿತು. ಸಮ ಮಾಡಲು ಎಡಕ್ಕೆ ಹೊಡೆದರೆ ಅದೇ ಹೆಚ್ಚು ಹೊಳೆಯಿತು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಕೊನೆಗೆ ಹಣೆಯ ಮೇಲೆ ವಾರ್ನಿಶ್ ಮಡುಗಟ್ಟಿ, ಹಾಳೆ ಎತ್ತಿದ ಕೂಡಲೇ ಮೂಗಿನ ಗುಂಟ ಇಳಿಯಿತು. ಬದುಕಿದ್ದಾಗ ಒಂದು ಹನಿ ಕಣ್ಣೀರು ಹಾಕದ ಮನುಷ್ಯ ನನ್ನ ಕೈಯಲ್ಲಿ ನಗುನಗುತ್ತಲೇ ಅತ್ತುಬಿಟ್ಟರು!

ಆದರೂ ಏನು ನಗು ಅದು! ಬಿಸಿಲಿಗೆ ಹಸಿ ಪದರ ಹೊಳೆದು, ಅವರು ಈಗಷ್ಟೇ ನೀರಿನಿಂದ ಎದ್ದು ಬಂದಂತೆ ಕಂಡರು. ಫೋಟೋವನ್ನು ಅಲ್ಲಿದ್ದ ಹಗ್ಗದ ಮಂಚದ, ಅಂದರೆ ಹೊರಸಿನ, ಮೇಲೆ ಅಂಗಾತ ಇಟ್ಟು ಭಕ್ತಿಯಿಂದ ಕೈಮುಗಿದೆ. ಎರಡೂ ಕೈ ಅಂಟಿಕೊಂಡವು.

ಕೆಳಗಿಳಿದು ಥಿನ್ನರ್ ಹಾಕಿ ಕೈ ಬಿಡಿಸಿಕೊಂಡು ಬರುವಷ್ಟರಲ್ಲಿ ಪಕ್ಕದ ಮನೆಯ ಮುದುಕಿ ನೀಲವ್ವ ಆಯಿ ಅಲ್ಲಿದ್ದಳು. ನಮ್ಮಿಬ್ಬರ ಮನೆಯ ಮಾಳಿಗೆಗಳು ಕೂಡಿಕೊಂಡಿವೆ. ಮೆಣಸಿನಕಾಯಿ ಹರವಲು ಬಂದವಳು. ಹಿರಿಯರ ಫೋಟೋ ಬರೀ ಹಣೆಯಲ್ಲಿ ಮಲಗಿದ್ದನ್ನು ಕಂಡು ಅವಳ ಮನಸ್ಸು ತಡೆದಿರಲಿಲ್ಲ. ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ನೀರು ಮುಟ್ಟಿಸಿ ತಿಕ್ಕಿ, ಮೂರು ಬೆರಳು ಎಳೆದೇಬಿಟ್ಟಿದ್ದಳು. ಹಸಿ ವಾರ್ನಿಶಿನ ಮೇಲೆ!

"ನಾಳಿ ಪೂಜಿ ಐತಿ, ಹಣಿ ಬರೇ ಬಿಟ್ಟಿಯಲ್ಲೋ ತಮ್ಮಾ," ಎಂದು ನನಗೇ ಬೈದಳು.

ಒರೆಸಲು ಹೋದರೆ ಬಣ್ಣವೇ ಕಿತ್ತು ಬರುವಂತಿತ್ತು. ಇದ್ದೊಂದು ನಗುವನ್ನೂ ಕಳೆದೆ ಎಂದು ಕೈ ಹಿಂದೆಗೆದೆ. ಅಷ್ಟರಲ್ಲಿ ಶಾರದಾ ಮೇಲೆ ಬಂದಳು. ನಾನು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ. ಅವಳು ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಖ ಹತ್ತಿರ ತಂದು ನೋಡಿದಳು.

"ಈಗ ನಮ್ಮಪ್ಪ ಆದ್ರು ನೋಡ್ರಿ."

ನಾನೂ ಬಗ್ಗಿ ನೋಡಿದೆ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಹೊರಬರುತ್ತಿದ್ದ ಅದೇ ಮಾವನವರು, ಆ ನಗುವಿನ ಸಮೇತ! ಬೇಕೆಂದು ಮಾಡಲು ಹೋಗಿದ್ದರೆ ಇದು ನನ್ನಿಂದ ಏಳು ಜನ್ಮಕ್ಕೂ ಆಗುತ್ತಿರಲಿಲ್ಲ. ಒಣಗಿದ ಮೇಲೆ ತೆಪ್ಪಗೆ ಗಾಜು ಹಾಕಿಸಿದೆ.

ಮರುದಿನ ಶಾರದಾಳ ತಮ್ಮ ಫೋಟೋ ಮುಂದೆ ನಿಂತು, "ಎಷ್ಟ್ ಸಮ ಬಂದೈತ್ರಿ ಮಾಮಾ," ಎಂದು ನನಗೆ ಹೇಳಿ ಬೆರಗಾದ. ನಾನು ವಿನಯದಿಂದ ಮೀಸೆಯ ಮೇಲೆ ಕೈಯಾಡಿಸಿದೆ. ಆಮೇಲೆ ನೋಡಿದರೆ ಅವನ ಬೆರಳು ತೋರಿಸುತ್ತಿದ್ದದ್ದು ಆಯಿಯ ಮೂರು ಗೆರೆಗಳನ್ನು. ನಾನು ಹೊಡೆದದ್ದರಲ್ಲಿ ಸಮನಾಗಿ ಕೂತದ್ದು ನನ್ನ ಮೀಸೆಯ ಮೇಲಿನ ಪದರ ಒಂದೇ!